ಪ್ರಾಚೀನ ಈಜಿಪ್ಟಿನ ಲಿಪಿಕಾರರು: ಅಷ್ಟೊಂದು ಸುಖದ ನೌಕರಿಯಾಗಿತ್ತಾ?

ಸೀಮೆಸುಣ್ಣ:
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು. ಈಜಿಪ್ಟ್ ಪಾಠ ಅಂದರೆ ಪಿರಮಿಡ್, ಮಮ್ಮಿ, ನೈಲ್ ನದಿ, ಅಷ್ಟರಲ್ಲೇ ಮುಗಿದುಹೋಗುತ್ತದೆ. ಅದೆಲ್ಲದರ ಲೆಕ್ಕ ಬರೆದವರು ಯಾರು ಅಂತ ಮಕ್ಕಳು ಕೇಳಿದರೆ 'ಲಿಪಿಕಾರರು, ಅವರಿಗೆ ತುಂಬಾ ಗೌರವ ಇತ್ತು' ಅನ್ನುವುದು ಬಿಟ್ಟು ನನ್ನ ಹತ್ತಿರ ಹೆಚ್ಚು ಸರಕಿಲ್ಲ.

ಮೊನ್ನೆ ದುವಾ-ಖೇತಿ ಎಂಬಾತ ಮಗ ಪೆಪಿಗೆ ಹೇಳಿದ ಬುದ್ಧಿಮಾತು ಓದಿದೆ. ಮಗನನ್ನು ರಾಜಧಾನಿಯ ಲಿಪಿಕಾರರ ಶಾಲೆಗೆ ಸೇರಿಸಲು ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾ ಹೇಳುವ ಮಾತು. ಲೋಹದ ಕೆಲಸದವನ ಬೆರಳು ಮೊಸಳೆ ಚರ್ಮದ ಹಾಗೆ, ಅವನ ಮೈ ಮೀನಿನ ಮೊಟ್ಟೆಗಿಂತ ಜಾಸ್ತಿ ನಾರುತ್ತದೆ. ಕ್ಷೌರಿಕ ಕತ್ತಲಾಗುವವರೆಗೆ ಬೀದಿ ಬೀದಿ ಅಲೆಯಬೇಕು. ನೇಕಾರ ಮಂಡಿ ಹೊಟ್ಟೆಗೆ ಒತ್ತಿಕೊಂಡು ಗಾಳಿಯಿಲ್ಲದ ಕೋಣೆಯಲ್ಲಿ ಕೂರಬೇಕು. ಅಗಸ ಮೊಸಳೆ ಪಕ್ಕದಲ್ಲೇ ಬಟ್ಟೆ ಒಗೆಯಬೇಕು. ಲಿಪಿಕಾರನಿಗೆ ಮಾತ್ರ ಮೇಲೊಬ್ಬ ಯಜಮಾನನಿಲ್ಲ, ಅವನೇ ಯಜಮಾನ!

ಇದು ನಿಜವಾ? ಆ ಹುಡುಗರು ಹೇಗೆ ಕಲಿಯುತ್ತಿದ್ದರು, ಕಲಿತ ಮೇಲೆ ದಿನವಿಡೀ ಏನು ಮಾಡುತ್ತಿದ್ದರು? ಗೊತ್ತಿರುವವರು ಸ್ವಲ್ಪ ಹೇಳಿ.

ಹಳೇಕಾಗದ:
ಮೇಷ್ಟ್ರೇ, ಒಳ್ಳೆ ವಿಷಯ ಎತ್ತಿದ್ದೀರಿ. ಆದರೆ ಆ ಬುದ್ಧಿಮಾತನ್ನು ನಂಬುವ ಮೊದಲು ಅದು ಯಾರ ಕೈಯಲ್ಲಿ ಉಳಿದು ಬಂತು ಅಂತ ನೋಡಿ. ರಚನೆಯಾಗಿದ್ದು ಮಧ್ಯ ರಾಜ್ಯದ ಕಾಲದಲ್ಲಿ, ಅಂದರೆ ಹೆಚ್ಚುಕಡಿಮೆ 4000 ವರ್ಷದ ಹಿಂದೆ. ನಮಗೆ ಸಿಕ್ಕಿರುವ ಪ್ರತಿಗಳಲ್ಲಿ ಹೆಚ್ಚಿನವು ಅದಾಗಿ ಕೆಲವು ಶತಮಾನಗಳ ನಂತರದವು. ಬರೆದವರು ಯಾರು? ಲಿಪಿಕಾರರಾಗಲು ಹೊರಟ ಹುಡುಗರು! ಕೈ ತಿದ್ದಲು ಕೊಟ್ಟ ಪಾಠ ಅದು. ಅಷ್ಟು ಹೊತ್ತಿಗೆ ಆಡುಮಾತು ಬದಲಾಗಿತ್ತು. ಹಳೆಯ ಭಾಷೆ ಅರ್ಥವಾಗದೆ ಹುಡುಗರು ತೋಚಿದ್ದು ಗೀಚಿದ್ದಾರೆ. ಕೆಲವು ಸಾಲುಗಳ ಅರ್ಥ ಹಿಡಿಯಲು ಇವತ್ತಿನ ವಿದ್ವಾಂಸರೂ ಒದ್ದಾಡುತ್ತಾರೆ.

ಅಂದರೆ ಇದು ತನ್ನದೇ ವಿದ್ಯಾರ್ಥಿಗಳನ್ನು ಹಿಡಿದಿಟ್ಟುಕೊಳ್ಳಲು ಶಾಲೆ ಮಾಡಿದ ಜಾಹೀರಾತು. ಇಂಥವು ಇನ್ನೂ ಬೇಕಾದಷ್ಟಿವೆ. ಅವುಗಳಲ್ಲಿ ರೈತನ ಪಾಡು ಹೇಳುವ ಒಂದು ಭಾಗ ಹೀಗಿದೆ: ಅರ್ಧ ಬೆಳೆ ಹುಳದ ಪಾಲು, ಉಳಿದದ್ದು ನೀರುಕುದುರೆಯ ಪಾಲು. ಅಷ್ಟರಲ್ಲಿ ದಡಕ್ಕೆ ದೋಣಿ ಬಂತು. ಇಳಿದವರ ಕೈಯಲ್ಲಿ ಬೆತ್ತ. 'ಧಾನ್ಯ ಕೊಡು' ಅಂತಾರೆ. ಇಲ್ಲ ಅಂದರೆ ರೈತನನ್ನು ಹೊಡೆದು, ಕಟ್ಟಿ, ತಲೆಕೆಳಗಾಗಿ ನೀರಿಗೆ ಅದ್ದುತ್ತಾರೆ.

ಆ ದೋಣಿಯಲ್ಲಿ ತೆರಿಗೆ ಬರೆದುಕೊಳ್ಳಲು ಬಂದವನು ಯಾರು ಗೊತ್ತಾ? ಲಿಪಿಕಾರನೇ. 'ರೈತನಾಗಬೇಡ, ಕಷ್ಟ' ಅನ್ನುವ ಪಾಠದಲ್ಲಿ ಆ ಕಷ್ಟ ಕೊಡುವವನೇ ಇವನು. ಪಾಠ ಬರೆದವನಿಗೆ ಇದರಲ್ಲಿ ನಾಚಿಕೆ ಏನೂ ಕಾಣಿಸಿಲ್ಲ.

ಕೆರೆಕೋಡಿ:
ಹಹ್ಹ. ನಮ್ಮ ಮುತ್ತಜ್ಜ ಊರಿನ ಶಾನುಭೋಗರು. ಅವರ ಬಗ್ಗೆ ಮನೆಯಲ್ಲಿ ಹೇಳುವ ಕಥೆಯೇ ಬೇರೆ, ಊರಿನವರು ಹೇಳುವ ಕಥೆಯೇ ಬೇರೆ. ಇಲ್ಲೂ ನಮಗೆ ಸಿಕ್ಕಿರುವುದು ಬರೀ ಮನೆಯವರ ಕಥೆ ಅಲ್ವಾ? ರೈತ ಬರೆದಿಟ್ಟಿದ್ದು ಏನೂ ಇಲ್ಲವಲ್ಲ.

ಹಳೇಕಾಗದ:
ಸರಿಯಾಗಿ ಹೇಳಿದಿರಿ. ಓದು ಬರಹ ಬಲ್ಲವರು ಇಡೀ ಜನಸಂಖ್ಯೆಯಲ್ಲಿ ಶೇಕಡಾ 1ರಷ್ಟು ಇದ್ದಿರಬಹುದು ಅನ್ನುವ ಅಂದಾಜಿದೆ. ಉಳಿದವರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಇವರು ಬರೆದಿದ್ದರಿಂದಲೇ.

ಈಗ ಕಲಿಕೆಯ ವಿಷಯ. ಗುಡಿಯ ಗೋಡೆ ಮೇಲೆ ಕಾಣುವ ಹಕ್ಕಿ, ಕಣ್ಣು, ಹಾವು ಇರುವ ಹೈರೋಗ್ಲಿಫ್ ಚಿತ್ರಲಿಪಿಯಿಂದ ಹುಡುಗರು ಶುರು ಮಾಡುತ್ತಿರಲಿಲ್ಲ. ಮೊದಲು ಕಲಿಯುತ್ತಿದ್ದುದು ಹೈರಾಟಿಕ್, ಅಂದರೆ ದಿನಬಳಕೆಯ ಓಡುಬರಹ. ಪತ್ರ, ಲೆಕ್ಕ, ಕಥೆ ಎಲ್ಲ ಅದರಲ್ಲೇ. ಕಲ್ಲಿನ ಮೇಲಿನ ಚಿತ್ರಲಿಪಿ ಆಮೇಲೆ, ಅದೂ ಬೇಕಾದವರಿಗೆ ಮಾತ್ರ. ಬಿಡಿ ಅಕ್ಷರ ಕಲಿಸುವ ಕ್ರಮವೂ ಇದ್ದ ಹಾಗಿಲ್ಲ. ಇಡೀ ಪದ, ಇಡೀ ವಾಕ್ಯವನ್ನೇ ನೋಡಿ ಬರೆಯಬೇಕು, ಬಾಯಲ್ಲಿ ಹೇಳಬೇಕು.

ಮೊದಲ ಪುಸ್ತಕದ ಹೆಸರು ಕೆಮಿತ್. ಖೇತಿಯ ಬುದ್ಧಿಮಾತಿನಲ್ಲೂ 'ಕೆಮಿತ್‌ನ ಕೊನೆ ಓದು' ಅಂತ ಬರುತ್ತದೆ. ಪತ್ರ ಬರೆಯುವಾಗ ಹೇಳುವ ಹಾರೈಕೆಗಳು, ಒಂದು ಪುಟ್ಟ ಕಥೆ, ಒಂದಷ್ಟು ಬುದ್ಧಿಮಾತು ಅದರಲ್ಲಿವೆ. ಸಾಲುಗಳನ್ನು ಮೇಲಿಂದ ಕೆಳಕ್ಕೆ ಕಂಬದ ಹಾಗೆ ಬರೆದು ನಡುವೆ ಗೆರೆ ಎಳೆಯುತ್ತಿದ್ದರು. ಜನ ಅಡ್ಡಸಾಲಿಗೆ ಬಂದು ನೂರಾರು ವರ್ಷವಾದರೂ ಕೆಮಿತ್ ಮಾತ್ರ ಹಳೇ ರೀತಿಯಲ್ಲೇ ಉಳಿಯಿತು. ಪಠ್ಯಪುಸ್ತಕ ಬದಲಾಯಿಸುವುದು ಯಾವ ಕಾಲಕ್ಕೂ ಸುಲಭವಲ್ಲ ನೋಡಿ.

ಸೀಮೆಸುಣ್ಣ:
ಹೊಡೆತ ಇತ್ತಾ ಸರ್? ಮಕ್ಕಳು ಮೊದಲು ಕೇಳುವುದೇ ಅದು.

ಹಳೇಕಾಗದ:
ಇತ್ತು, ಧಾರಾಳವಾಗಿ. 'ಹುಡುಗನ ಕಿವಿ ಇರುವುದು ಅವನ ಬೆನ್ನ ಮೇಲೆ, ಹೊಡೆದರೆ ಕೇಳಿಸಿಕೊಳ್ಳುತ್ತಾನೆ' ಅನ್ನುವ ಮಾತು ಅವರ ಪಠ್ಯದಲ್ಲೇ ಇದೆ. ಅದನ್ನೂ ಹುಡುಗರ ಕೈಯಲ್ಲೇ ಬರೆಸಿದ್ದಾರೆ! ಓದು ಬಿಟ್ಟು ಬಿಯರ್ ಕುಡಿದು ಬೀದಿ ಸುತ್ತುವ ಶಿಷ್ಯನನ್ನು 'ನೀನು ದೋಣಿಯ ಸೊಟ್ಟ ಚುಕ್ಕಾಣಿ' ಅಂತ ಬೈಯುವ ಪಾಠವೂ ಇದೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಒಂದು ಬರೆಯುವ ಹಲಗೆ ಇದೆ. ಮರದ ಹಲಗೆಗೆ ಬಿಳಿ ಲೇಪ ಬಳಿದು, ಮೇಲೆ ಮಾದರಿ ಪತ್ರ ಬರೆದಿದೆ. ಬರೆದು, ಒರೆಸಿ, ಮತ್ತೆ ಬರೆಯಬಹುದಾದ ಹಲಗೆ. ಹುಡುಗ ಕಪ್ಪು ಶಾಯಿಯಲ್ಲಿ ಬರೆದಿದ್ದಾನೆ. ಕಾಗುಣಿತ ತಪ್ಪಿದ ಕಡೆ ಗುರು ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ. ಮಧ್ಯ ರಾಜ್ಯದ ಕಾಲದ್ದು ಅದು. ಅದರ ಫೋಟೋ ಅಂತರ್ಜಾಲದಲ್ಲಿ ಸಿಗುತ್ತದೆ, ತರಗತಿಯಲ್ಲಿ ತೋರಿಸಿ. ನಾಲ್ಕು ಸಾವಿರ ವರ್ಷದ ಹಿಂದೆಯೂ ಕೆಂಪು ಇಂಕೇ ಅಂತ ಗೊತ್ತಾದರೆ ಮಕ್ಕಳು ಸುಮ್ನೆ ಕೂರಲ್ಲ.

ಬೆಳ್ಳಿಚುಕ್ಕಿ:
ಈಜಿಪ್ಟಿನ ಪಪೈರಸ್‌ನಲ್ಲಿ ಕನ್ನಡ ಇದೆಯಲ್ಲ, ಅದನ್ನು ಯಾರೂ ಹೇಳಲೇ ಇಲ್ಲ? ಆಕ್ಸಿರಿಂಕಸ್‌ನಲ್ಲಿ ಸಿಕ್ಕ ನಾಟಕ. ನಮ್ಮ ಕರಾವಳಿಯವರು ಅದರಲ್ಲಿ ಕನ್ನಡ ಮಾತಾಡುತ್ತಾರೆ. ಆಗಿನ ಲಿಪಿಕಾರರಿಗೆ ಕನ್ನಡ ಬರುತ್ತಿತ್ತು!

ಹಳೇಕಾಗದ:
ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ. ಅದು ಗ್ರೀಕ್ ಪ್ರಹಸನ. ಪ್ರತಿ ಕ್ರಿ.ಶ. 2ನೇ ಶತಮಾನದ್ದು, ಈಜಿಪ್ಟ್ ರೋಮನ್ನರ ಕೈಯಲ್ಲಿದ್ದಾಗಿನದು. ಅದರಲ್ಲಿ ಭಾರತದ ಕರಾವಳಿಯವರ ಬಾಯಲ್ಲಿ ಬರುವ ಮಾತು ಕನ್ನಡ ಅಂತ 1904ರಲ್ಲಿ ಶಾಸನತಜ್ಞ ಹುಲ್ಟ್ಶ್ ಹೇಳಿದರು. ಆಮೇಲೆ ನಮ್ಮಲ್ಲಿ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಬಗ್ಗೆ ಬರೆದರು. ತುಳು ಅಂದವರೂ ಇದ್ದಾರೆ, ಬರೀ ಅರ್ಥವಿಲ್ಲದ ಸದ್ದು ಅಂದವರೂ ಇದ್ದಾರೆ. ಚರ್ಚೆ ಇನ್ನೂ ಮುಗಿದಿಲ್ಲ. ಏನೇ ಆಗಲಿ, ನಾವು ಇಲ್ಲಿ ಮಾತಾಡುತ್ತಿರುವವರು ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನವರು. ಅದಕ್ಕೊಂದು ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ದರ್ಭೆಕಡ್ಡಿ:
ನಾನು ಕ್ಯಾಲಿಗ್ರಫಿ ಮಾಡುವವಳು, ಸಲಕರಣೆ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅವರ ಲೇಖನಿ ಸೀಳಿದ ಮೊನೆಯ ಪೆನ್ ಅಲ್ಲ. ಅಂಥ ಜೊಂಡಿನ ಲೇಖನಿ ಬಂದದ್ದು ಗ್ರೀಕರ ಜೊತೆ. ಅದಕ್ಕೂ ಮೊದಲು ಇದ್ದದ್ದು ಜೌಗಿನಲ್ಲಿ ಬೆಳೆಯುವ ತೆಳು ಹುಲ್ಲುಕಡ್ಡಿ. ತುದಿಯನ್ನು ಓರೆಯಾಗಿ ಕತ್ತರಿಸಿ, ಹಲ್ಲಲ್ಲಿ ಜಗಿದು ನಾರು ಬಿಡಿಸಿದರೆ ಸಣ್ಣ ಕುಂಚ ಸಿದ್ಧ.

ಜೊತೆಗೊಂದು ಉದ್ದನೆಯ ಮರದ ಪಟ್ಟಿ. ಅದರಲ್ಲಿ ಎರಡು ಗುಳಿ, ಒಂದರಲ್ಲಿ ಕಪ್ಪು, ಇನ್ನೊಂದರಲ್ಲಿ ಕೆಂಪು. ಕೆಳಗೆ ಕಡ್ಡಿ ಇಡಲು ಕೊರೆದ ಜಾಗ. ಕಪ್ಪಿಗೆ ಮಸಿ, ಕೆಂಪಿಗೆ ಕೆಮ್ಮಣ್ಣು, ಎರಡಕ್ಕೂ ಗೋಂದು. ಶಾಯಿ ಬಿಲ್ಲೆಯ ಹಾಗೆ ಗಟ್ಟಿ. ಕುಂಚವನ್ನು ನೀರಲ್ಲಿ ಅದ್ದಿ ಅದರ ಮೇಲೆ ಉಜ್ಜಬೇಕು. ಸಕ್ಕಾರಾದಲ್ಲಿ ಸಿಕ್ಕ ಹೆಸಿ-ರೆ ಎಂಬ ಅಧಿಕಾರಿಯ ಮರದ ಫಲಕಗಳಲ್ಲಿ ಇವೆಲ್ಲ ಚೆನ್ನಾಗಿ ಕಾಣುತ್ತವೆ. 3ನೇ ರಾಜವಂಶದ್ದು, ಅಂದರೆ ಗೀಜಾದ ಮಹಾ ಪಿರಮಿಡ್‌ಗಿಂತಲೂ ಹಳೆಯದು.

ಒಂದು ಸೂಕ್ಷ್ಮ ನೋಡಿ. ಹೈರಾಟಿಕ್ ಬರೆಯುವುದು ಬಲದಿಂದ ಎಡಕ್ಕೆ. ಬಲಗೈಯವರು ಅಂಗೈ ಊರಿ ಬರೆದರೆ ಹಸಿ ಶಾಯಿ ಪೂರ್ತಿ ಕಲಸಿಹೋಗುತ್ತದೆ. ಹಾಗಾಗಿ ಕೈ ಎತ್ತಿ, ಮಣಿಕಟ್ಟು ತಾಗಿಸದೆ ಬರೆಯಬೇಕು. ದಿನವಿಡೀ ಹೀಗೆ ಮಾಡಿದರೆ ಭುಜ ಏನಾಗುತ್ತದೆ ಅಂತ ನನ್ನನ್ನು ಕೇಳಿ! ಎಲ್ಲಿ ಅಕ್ಷರ ಮಸುಕಾಗಿ ಮತ್ತೆ ದಟ್ಟವಾಗುತ್ತದೋ ಅಲ್ಲಿ ಕುಂಚ ಅದ್ದಿದ್ದಾನೆ. ಇವತ್ತಿಗೂ ಅದನ್ನು ಹಸ್ತಪ್ರತಿಗಳಲ್ಲಿ ಗುರುತಿಸಬಹುದು.

ಪ್ಯಾರಿಸಿನ ಲೂವ್ರ್ ಮ್ಯೂಸಿಯಂನಲ್ಲಿರುವ ಕುಳಿತ ಲಿಪಿಕಾರನ ಮೂರ್ತಿ ನೋಡಿದ್ದೀರಲ್ಲ? 1850ರಲ್ಲಿ ಸಕ್ಕಾರಾದಲ್ಲಿ ಮೇರಿಯೆಟ್ ಎಂಬ ಪುರಾತತ್ವಜ್ಞನಿಗೆ ಸಿಕ್ಕಿದ್ದು. ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಬಿಗಿಯಾಗಿ ಎಳೆದ ಪಂಚೆಯೇ ಮೇಜು. ಕೈಯಲ್ಲಿದ್ದ ಲೇಖನಿ ಕಳೆದುಹೋಗಿದೆ. ಸ್ಫಟಿಕದ ಕಣ್ಣು ಮಾತ್ರ ಈಗಲೂ ಎದುರಿನವರ ಬಾಯನ್ನೇ ನೋಡುತ್ತಿರುವ ಹಾಗಿದೆ. ಹೊಟ್ಟೆ ಜೋತುಬಿದ್ದಿದೆ. ಅದು ಸುಖಜೀವನದ ಗುರುತು ಅಂತ ಶಿಲ್ಪಿ ಬೇಕಂತಲೇ ತೋರಿಸಿದ್ದು.

ಕೆರೆಕೋಡಿ:
ಹೊಟ್ಟೆ ಬಂದಿದೆ ಅಂದಮೇಲೆ ಖೇತಿ ಹೇಳಿದ್ದು ನಿಜವೇ ಅನ್ನಿ.

ಹಳೇಕಾಗದ:
ಅವನು ದೊಡ್ಡ ಅಧಿಕಾರಿ ಇರಬೇಕು ಸ್ವಾಮಿ. ಮೂರ್ತಿ ಮಾಡಿಸಿಕೊಳ್ಳುವಷ್ಟು ಶಕ್ತಿ ಎಲ್ಲ ಲಿಪಿಕಾರರಿಗೆ ಎಲ್ಲಿಂದ ಬರಬೇಕು? ಮೇಷ್ಟ್ರು ಕೇಳಿದ ದಿನವಿಡೀ ಕೆಲಸ ನೋಡಬೇಕಾದರೆ ದೈರ್ ಅಲ್-ಮದೀನಾಕ್ಕೆ ಬರಬೇಕು. ಇವತ್ತಿನ ಲಕ್ಸರ್ ಎದುರು, ನೈಲ್‌ನ ಪಶ್ಚಿಮ ದಡದಲ್ಲಿರುವ ಹಳ್ಳಿ. ರಾಜರ ಕಣಿವೆಯಲ್ಲಿ ಗೋರಿ ಕೊರೆಯುವ ಕೆಲಸಗಾರರು ಸಂಸಾರ ಸಮೇತ ಇದ್ದ ಜಾಗ, ಸುಮಾರು ಕ್ರಿ.ಪೂ. 1500ರಿಂದ 1080ರವರೆಗೆ. ಅಲ್ಲಿ ಸುಣ್ಣಕಲ್ಲಿನ ಚಕ್ಕೆ, ಮಡಕೆ ಚೂರುಗಳ ಮೇಲೆ ಬರೆದ ಸಾವಿರಾರು ಬರಹ ಸಿಕ್ಕಿವೆ. ಗೋರಿ ಕೊರೆದಾಗ ಬೀಳುವ ಚಕ್ಕೆಯೇ ಅವರ ಚೀಟಿ.

ಅಲ್ಲಿನ 'ಗೋರಿಯ ಲಿಪಿಕಾರ'ನ ಕೆಲಸ ಹೀಗಿತ್ತು. ಹಾಜರಿ ಹಾಕಬೇಕು. ತಾಮ್ರದ ಉಳಿಯನ್ನು ತೂಕ ಮಾಡಿ ಕೊಡಬೇಕು, ಮೊಂಡಾಗಿ ವಾಪಸ್ ಬಂದಾಗ ಮತ್ತೆ ತೂಗಬೇಕು, ಯಾಕಂದರೆ ತಾಮ್ರ ಸರ್ಕಾರದ್ದು. ಒಳಗೆ ಕತ್ತಲಲ್ಲಿ ಉರಿಸಲು ಎಷ್ಟು ಬತ್ತಿ ಕೊಟ್ಟೆವು ಅಂತ ಎಣಿಸಬೇಕು. ಧಾನ್ಯದ ಪಡಿ ಹಂಚಬೇಕು. ಎಷ್ಟು ಕೊರೆದಾಯಿತು ಅಂತ ವಜೀರನಿಗೆ ವರದಿ ಕಳಿಸಬೇಕು. ಒಟ್ಟಿನಲ್ಲಿ ಸೈಟ್ ಆಫೀಸಿನ ಗುಮಾಸ್ತ.

ರಾಜ 2ನೇ ರಾಮ್‌ಸೆಸ್‌ನ ಆಳ್ವಿಕೆಯ 40ನೇ ವರ್ಷದ ಒಂದು ಹಾಜರಿ ಪಟ್ಟಿ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ದೊಡ್ಡ ಕಲ್ಲುಚಕ್ಕೆ, ಸುಮಾರು 40 ಹೆಸರು. ಯಾರು ಯಾವ ದಿನ ಬಂದಿಲ್ಲ ಅಂತ ಕಪ್ಪಿನಲ್ಲಿ, ಯಾಕೆ ಬಂದಿಲ್ಲ ಅಂತ ಕೆಂಪಿನಲ್ಲಿ. ಒಬ್ಬನಿಗೆ ಚೇಳು ಕಚ್ಚಿದೆ. ಒಬ್ಬನಿಗೆ ಕಣ್ಣುನೋವು. ಒಬ್ಬ ಬಿಯರ್ ಮಾಡಲು ಮನೆಯಲ್ಲಿ ಉಳಿದಿದ್ದಾನೆ. ಒಬ್ಬ ತಾಯಿಯ ಹೆಣಕ್ಕೆ ಬಟ್ಟೆ ಸುತ್ತಲು ಹೋಗಿದ್ದಾನೆ. ಒಬ್ಬನ ಹೆಸರಿನ ಮುಂದೆ 'ಲಿಪಿಕಾರನಿಗೆ ಕಲ್ಲು ತರಲು ಹೋಗಿದ್ದಾನೆ' ಅಂತಿದೆ.

ಕೆರೆಕೋಡಿ:
ಸರ್ಕಾರದ ಆಳು, ಸಾಹೇಬರ ಮನೆ ಕೆಲಸ! ಅದನ್ನೂ ಧೈರ್ಯವಾಗಿ ಹಾಜರಿ ಪಟ್ಟಿಯಲ್ಲಿ ಬರೆದಿದ್ದಾನಲ್ಲ.

ಹಳೇಕಾಗದ:
ಆ ಕಾಲದಲ್ಲಿ ಅಲ್ಲಿ ಲಿಪಿಕಾರನಾಗಿದ್ದವನು ಕೆನ್‌ಹೆರ್‌ಖೆಪೆಶೆಫ್. ನನಗೆ ಇಡೀ ಈಜಿಪ್ಟಿನಲ್ಲಿ ಅಚ್ಚುಮೆಚ್ಚಿನ ಮನುಷ್ಯ. ಅಕ್ಷರ ಕಾಗೆಕಾಲು ಗುಬ್ಬಿಕಾಲು. ಅವನ ಬರಹ ಓದಬೇಕು ಅಂದರೆ ತಜ್ಞರೇ ತಲೆ ಚಚ್ಚಿಕೊಳ್ಳುತ್ತಾರೆ. ಆದರೂ 40 ವರ್ಷದ ಹತ್ತಿರ ಹುದ್ದೆಯಲ್ಲಿದ್ದ. ರಾಜರ ಕಣಿವೆಯಲ್ಲಿ ನೆರಳಿರುವ ಬಂಡೆಸಂದಿಯಲ್ಲಿ ಒಂದು ಜಾಗ ಹಿಡಿದು, ಅಲ್ಲಿ ತನ್ನ ಹೆಸರು ಕೆತ್ತಿಸಿಕೊಂಡಿದ್ದ. ಉಳಿದವರು ಬಿಸಿಲಲ್ಲಿ ಕಲ್ಲು ಹೊರುವಾಗ ಇವನು ಅಲ್ಲಿ ಕೂತು ನೋಡುತ್ತಿದ್ದ ಅನ್ನಿಸುತ್ತದೆ.

ಪ್ರೆಹೊತೆಪ್ ಎಂಬ ಚಿತ್ರಕಾರ ಇವನಿಗೆ ಬರೆದ ಪತ್ರ ಉಳಿದಿದೆ. ಸಾರಾಂಶ ಇಷ್ಟು: 'ಇದೇನು ನೀನು ನನಗೆ ಮಾಡುತ್ತಿರುವುದು? ನಿನಗೆ ನಾನು ಕತ್ತೆ. ಕೆಲಸ ಇದ್ದರೆ ಕತ್ತೆ ಕರೆದುಕೊಂಡು ಬಾ ಅಂತೀಯ. ಮೇವು ಇದ್ದರೆ ಎತ್ತು ಕರೆದುಕೊಂಡು ಬಾ ಅಂತೀಯ. ಬಿಯರ್ ಇದ್ದಾಗ ನನ್ನನ್ನು ಹುಡುಕುವುದಿಲ್ಲ, ಕೆಲಸ ಇದ್ದಾಗ ಹುಡುಕುತ್ತೀಯ.' ಕೊನೆಯಲ್ಲಿ, ಮನೆಯಲ್ಲಿ ಬಿಯರ್ ಇಲ್ಲ, ಹೊಟ್ಟೆ ತುಂಬಿಸಿಕೊಳ್ಳಲು ನಿನಗೆ ಪತ್ರ ಬರೆಯುತ್ತಿದ್ದೇನೆ ಅಂತ ಸೇರಿಸಿದ್ದಾನೆ.

ಬೆಳ್ಳಿಚುಕ್ಕಿ:
ಅಯ್ಯೋ, ಇದನ್ನು ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಕು.

ಅಡಿಟಿಪ್ಪಣಿ:
ಹಳೇಕಾಗದ ಅವರೇ, ಸ್ವಲ್ಪ ತಡೆಯಿರಿ. ನೀವು ಲಿಪಿಕಾರ ಅಂದರೆ ಲಂಚಕೋರ ಗುಮಾಸ್ತ ಅನ್ನುವ ಹಾಗೆ ಮಾಡಿಬಿಟ್ಟಿರಿ. ಹಪುವಿನ ಮಗ ಅಮೆನ್‌ಹೊತೆಪ್ ಸೈನ್ಯದ ಭರ್ತಿ ನೋಡಿಕೊಳ್ಳುವ ಲಿಪಿಕಾರ. ಕೊನೆಗೆ ಜನ ಅವನನ್ನು ದೇವರ ಹಾಗೆ ಪೂಜಿಸಿದರು. ಕಾರ್ನಾಕ್‌ನಲ್ಲಿದ್ದ ಅವನ ಮೂರ್ತಿಯ ತೊಡೆ ಮೇಲಿನ ಸುರುಳಿ ಭಕ್ತರು ಮುಟ್ಟಿ ಮುಟ್ಟಿ ಸವೆದಿದೆ. ಹೊರೆಮ್‌ಹೆಬ್ ಸೇನಾಪತಿ, ಆಮೇಲೆ ರಾಜನೇ ಆದ. ಅವನೂ ಲಿಪಿಕಾರನ ಭಂಗಿಯಲ್ಲಿ ಮೂರ್ತಿ ಮಾಡಿಸಿಕೊಂಡ. ಹಳೆಯ ಬರಹಗಾರರನ್ನು ಹೊಗಳುವ ಒಂದು ಪಪೈರಸ್‌ನಲ್ಲಿ, ಮನುಷ್ಯ ಮಣ್ಣಾದರೂ ಬರಹ ಅವನನ್ನು ನೆನಪಿನಲ್ಲಿಡುತ್ತದೆ, ಕಟ್ಟಿದ ಮನೆಗಿಂತ ಪುಸ್ತಕ ಮೇಲು ಅಂತಿದೆ. ಇದನ್ನೂ ಹೇಳಬೇಕಲ್ಲ?

ಮತ್ತೆ ಇವರ ಲೆಕ್ಕ! ಬ್ರಿಟಿಷ್ ಮ್ಯೂಸಿಯಂನ ರಿಂಡ್ ಪಪೈರಸ್ ಬರೆದವನು ಅಹ್ಮೋಸ್ ಎಂಬ ಲಿಪಿಕಾರ, ಸುಮಾರು ಕ್ರಿ.ಪೂ. 1550ರಲ್ಲಿ. ಹಳೆಯ ಪ್ರತಿ ನೋಡಿ ಬರೆದೆ ಅಂತ ಅವನೇ ಹೇಳಿದ್ದಾನೆ. 6 ರೊಟ್ಟಿಯನ್ನು 10 ಜನಕ್ಕೆ ಹಂಚು ಅನ್ನುವ ಲೆಕ್ಕ ಅದರಲ್ಲಿದೆ. ಉತ್ತರ ಏನು ಗೊತ್ತಾ? ಪ್ರತಿಯೊಬ್ಬನಿಗೆ ಅರ್ಧ, ಜೊತೆಗೆ ಹತ್ತನೇ ಒಂದು. ಅಂದರೆ 5 ರೊಟ್ಟಿ ಅರ್ಧರ್ಧ ಮಾಡಿದರೆ ಹತ್ತು ಜನಕ್ಕೂ ಆಯಿತು. ಉಳಿದ ಒಂದನ್ನು ಹತ್ತು ಚೂರು ಮಾಡಿ. ಎಲ್ಲರ ಕೈಯಲ್ಲೂ ಒಂದೇ ರೀತಿಯ ತುಂಡು, ಜಗಳವಿಲ್ಲ. ಇನ್ನೊಂದರಲ್ಲಿ 100 ರೊಟ್ಟಿ, 10 ಜನ. ಆದರೆ ದೋಣಿಯವನು, ಮೇಸ್ತ್ರಿ, ಬಾಗಿಲು ಕಾಯುವವನಿಗೆ ಎರಡು ಪಟ್ಟು. ಎಲ್ಲವೂ ನಾಳೆ ಬೆಳಗ್ಗೆ ಕೆಲಸಕ್ಕೆ ಬರುವ ಗಣಿತ.

ಸೀಮೆಸುಣ್ಣ:
ರೊಟ್ಟಿ ಲೆಕ್ಕ ತುಂಬಾ ಇಷ್ಟವಾಯಿತು ಸರ್. ಗಣಿತದ ಮೇಡಂಗೆ ಈಗಲೇ ಕಳಿಸಿದೆ.

ಹಳೇಕಾಗದ:
ಅಡಿಟಿಪ್ಪಣಿ ಅವರೇ, ಒಪ್ಪಿದೆ. ಲಿಪಿಕಾರ ಅನ್ನುವ ಬಿರುದು ಕಣಜದಲ್ಲಿ ಮೂಟೆ ಎಣಿಸುವವನಿಂದ ರಾಜನ ಪಕ್ಕ ನಿಲ್ಲುವವನ ತನಕ ಎಲ್ಲರಿಗೂ ಇತ್ತು. ನನ್ನ ತಕರಾರು ಇಷ್ಟೇ: ಮೇಲಿನವರ ವೈಭವ ತೋರಿಸಿ ಕೆಳಗಿನವರನ್ನು ಸೇರಿಸಿಕೊಳ್ಳುವುದು ಆ ಪಠ್ಯಗಳ ಕಸುಬು. ಮೇಲೆ ಯಜಮಾನ ಇಲ್ಲ ಅನ್ನುವುದಂತೂ ಶುದ್ಧ ಸುಳ್ಳು. ವಜೀರನ ಪತ್ರ ಬಂದರೆ ಎಲ್ಲರೂ ನಡುಗಬೇಕು.

ಸಂಬಳ ನೋಡಿ. ದೈರ್ ಅಲ್-ಮದೀನಾದಲ್ಲಿ ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ ಐದೂವರೆ ಮೂಟೆ ಧಾನ್ಯ: 4 ಗೋಧಿ, ಒಂದೂವರೆ ಬಾರ್ಲಿ. ಮೇಸ್ತ್ರಿಗೆ ಏಳೂವರೆ, ಲಿಪಿಕಾರನಿಗೂ ಹೆಚ್ಚುಕಡಿಮೆ ಅಷ್ಟೇ. ಅನುಕೂಲಸ್ಥ ಹೌದು, ಆದರೆ ಅದೂ ಸರ್ಕಾರದ ಕಣಜದಿಂದ ಬಂದರೆ ತಾನೆ? 3ನೇ ರಾಮ್‌ಸೆಸ್‌ನ 29ನೇ ವರ್ಷ ಬರಲಿಲ್ಲ. ಕೆಲಸಗಾರರು ಗೋರಿಯ ಕಾವಲು ದಾಟಿ ಹೊರಗೆ ಬಂದು ಗುಡಿಯ ಹಿಂದೆ ಕೂತರು. 'ಹಸಿವು, ತಿಂಗಳಲ್ಲಿ 18 ದಿನ ಕಳೆದುಹೋಯಿತು' ಅಂದರು. ದಾಖಲೆಯಿರುವ ಮುಷ್ಕರಗಳಲ್ಲಿ ಅದೇ ಮೊದಲನೆಯದು. ದಿನ ದಿನದ ಆ ದಾಖಲೆ ಈಗ ಇಟಲಿಯ ಟ್ಯೂರಿನ್‌ನಲ್ಲಿದೆ. ಬರೆದವನು ಆಗಿನ ಲಿಪಿಕಾರ ಅಮೆನ್‌ನಖ್ತ್ ಅಂತ ಹೇಳುತ್ತಾರೆ. ಅವನ ಪಾಡು ಯೋಚಿಸಿ. ಸರ್ಕಾರದ ಕಡೆಯಿಂದ ಸಮಾಧಾನ ಹೇಳಬೇಕು, ವಾಪಸ್ ಕರೆತರಬೇಕು, ಆದರೆ ಅವನ ಮನೆಗೂ ಅದೇ ಕಣಜದಿಂದ ಧಾನ್ಯ ಬರಬೇಕು.

ಇಷ್ಟಾದರೂ ಆ ಹುದ್ದೆಯನ್ನು ಕುಟುಂಬ ಬಿಡಲಿಲ್ಲ. ಅವನ ಮಗ, ಮೊಮ್ಮಗ, ಮರಿಮಗ ಎಲ್ಲ ಅದೇ ಹುದ್ದೆಗೆ ಬಂದರು. ಶಾಲೆ ಅಂತ ನಾವು ಕರೆಯುವುದು ಎಷ್ಟೋ ಕಡೆ ಅಪ್ಪನ ಅಥವಾ ತಾತನ ಎದುರು ಕೂತು ಬರೆಯುವುದೇ ಆಗಿತ್ತು.

ದರ್ಭೆಕಡ್ಡಿ:
ಅಪ್ಪ, ತಾತ, ಮಗ... ಹೆಣ್ಣುಮಕ್ಕಳು?

ಹಳೇಕಾಗದ:
ನಿಜ ಹೇಳಬೇಕು ಅಂದರೆ ಬಹಳ ಕಡಿಮೆ. ಮಧ್ಯ ರಾಜ್ಯದಲ್ಲಿ ಲಿಪಿಕಾರ್ತಿ ಅಂತ ಓದಬಹುದಾದ ಬಿರುದು ಕೆಲವು ಹೆಂಗಸರಿಗಿದೆ, ಅದರ ಅರ್ಥದ ಬಗ್ಗೆಯೂ ಜಗಳವಿದೆ. ಸೆಶತ್ ಎಂಬ ಬರಹದ ದೇವತೆ ಹೆಣ್ಣು, ಹುದ್ದೆಯೆಲ್ಲ ಗಂಡಸರಿಗೆ. ಆದರೆ ಕೆನ್‌ಹೆರ್‌ಖೆಪೆಶೆಫ್‌ನ ಹೆಂಡತಿ ನೌನಖ್ತೆ ಬಗ್ಗೆ ಕೇಳಿ. ಮುದುಕನಿಗೆ ಕೊಟ್ಟು ಮದುವೆ ಮಾಡಿದಾಗ ಅವಳು ಚಿಕ್ಕವಳು. ಅವನು ಸತ್ತ ಮೇಲೆ ಖಮ್‌ನುನ್ ಎಂಬ ಕೆಲಸಗಾರನನ್ನು ಮದುವೆಯಾಗಿ 8 ಮಕ್ಕಳನ್ನು ಹೆತ್ತಳು. 5ನೇ ರಾಮ್‌ಸೆಸ್‌ನ 3ನೇ ವರ್ಷ, ಮುಪ್ಪಿನಲ್ಲಿ, ಊರ ಪಂಚರ ಮುಂದೆ ನಿಂತು ಉಯಿಲು ಮಾಡಿಸಿದಳು. ನನ್ನನ್ನು ನೋಡಿಕೊಂಡವರಿಗೆ ಆಸ್ತಿ, ನೋಡಿಕೊಳ್ಳದವರಿಗೆ ಇಲ್ಲ! ಲಿಪಿಕಾರ ಬರೆದುಕೊಂಡ. ಆ ಉಯಿಲು ಇವತ್ತಿಗೂ ಇದೆ.

ಮೊದಲ ಗಂಡನ ಪುಸ್ತಕಗಳೂ ಅವಳ ಮಕ್ಕಳ ಕೈಗೇ ಬಂದವು. ಅದರಲ್ಲೊಂದು ಕನಸಿನ ಪುಸ್ತಕ. ಯಾವ ಕನಸು ಬಿದ್ದರೆ ಏನು ಫಲ ಅಂತ ಪಟ್ಟಿ. ಕೆಟ್ಟ ಕನಸಿಗೆ 'ಕೆಟ್ಟದ್ದು' ಅಂತ ಕೆಂಪು ಶಾಯಿ. ಅದರ ಹಿಂಬದಿಯಲ್ಲಿ ಕೆನ್‌ಹೆರ್‌ಖೆಪೆಶೆಫ್ ತನ್ನ ಕೆಟ್ಟ ಅಕ್ಷರದಲ್ಲಿ 2ನೇ ರಾಮ್‌ಸೆಸ್ ಮಾಡಿದ ಕಾದೇಶ್ ಯುದ್ಧದ ಕಾವ್ಯ ಬರೆದುಕೊಂಡಿದ್ದಾನೆ. ಯಾರೂ ಹೇಳಿರಲಿಲ್ಲ, ಕೆಲಸಕ್ಕೂ ಬೇಕಿರಲಿಲ್ಲ, ತನಗೆ ಇಷ್ಟ ಅಂತ. ಕತ್ತೆಯ ಹಾಗೆ ಜನರನ್ನು ದುಡಿಸಿದವನೂ ಅವನೇ, ಇದನ್ನು ಬರೆದವನೂ ಅವನೇ.

ಸೀಮೆಸುಣ್ಣ:
ಆ ಕನಸಿನ ಪುಸ್ತಕದಲ್ಲಿ ಒಂದೆರಡು ಹೇಳಿ ಸರ್, ಮಕ್ಕಳಿಗೆ ಬೇಕು.

ಹಳೇಕಾಗದ:
ಕಿಟಕಿಯಿಂದ ಹೊರಗೆ ನೋಡುವ ಹಾಗೆ ಕನಸಾದರೆ ಒಳ್ಳೆಯದು, ದೇವರು ನಿಮ್ಮ ಕೂಗು ಕೇಳುತ್ತಾನೆ. ದೊಡ್ಡ ಬೆಕ್ಕು ಕಂಡರೂ ಒಳ್ಳೆಯದು, ಬೆಳೆ ಚೆನ್ನಾಗಿ ಬರುತ್ತದೆ.

ಕೆರೆಕೋಡಿ:
ಬೆಳೆ ಬಂದ ಮೇಲೆ ದಡಕ್ಕೆ ದೋಣಿಯೂ ಬರುತ್ತದೆ ಬಿಡಿ.